ಯಾವ ಹೊತ್ತಿಗೆ ಯಾವ ಕೈಗಡಿಯಾರ

ವಾಚಿನ ಅಂಗಡಿಯವರು ಗಡಿಯಾರಗಳನ್ನು ಬಟ್ಟೆಯ ಲೆಕ್ಕದಲ್ಲಿ ವಿಂಗಡಿಸುತ್ತಾರೆ. ಕೋಟಿಗೊಂದು, ಜೀನ್ಸಿಗೊಂದು, ಆಟದ ಉಡುಪಿಗೊಂದು, ರೇಷ್ಮೆ ಸೀರೆಗೊಂದು. ಮಾರುವವರಿಗೆ ಇದು ಅನುಕೂಲ, ಕೊಳ್ಳುವವರಿಗೆ ಅಷ್ಟಿಲ್ಲ. ಅಂಗಿಯ ಬಣ್ಣಕ್ಕೆ ಹೊಂದಲಿಲ್ಲವೆಂದು ಯಾವ ಗಡಿಯಾರವೂ ಕೆಟ್ಟಿದ್ದಿಲ್ಲ. ಅದು ಕೆಡುವುದು ಬೆವರಿನಿಂದ, ಬಿಸಿನೀರಿನಿಂದ, ಆಯಸ್ಕಾಂತದಿಂದ, ಬಾಗಿಲ ಚೌಕಟ್ಟಿಗೆ ತಗುಲಿದ ಪೆಟ್ಟಿನಿಂದ. ಆದ್ದರಿಂದ ಎರಡನೆಯದನ್ನೋ ಮೂರನೆಯದನ್ನೋ ಕೊಳ್ಳಲು ಹೊರಟವರು ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಕೈಯಲ್ಲಿದ್ದಾಗ ಇದಕ್ಕೆ ಏನೇನು ತಾಗುತ್ತದೆ? ಕೈಯಲ್ಲಿ ಇಲ್ಲದಾಗ ಇದಕ್ಕೆ ಏನಾಗುತ್ತದೆ?

ಎರಡನೆಯ ಪ್ರಶ್ನೆಯನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಒಂದೇ ಗಡಿಯಾರ ಇರುವವರಿಗೆ ಅದರ ಅಗತ್ಯವೂ ಇಲ್ಲ. ಆದರೆ ಮೂರು ಇದ್ದವರ ಮನೆಯಲ್ಲಿ ಎರಡು ಸದಾ ಬೀರುವಿನಲ್ಲೇ ಇರುತ್ತವೆ. ಹೊತ್ತಿಗೊಂದು ಗಡಿಯಾರ ಕಟ್ಟುವ ಅಭ್ಯಾಸ ಉಳಿಯುತ್ತದೋ ಎರಡು ತಿಂಗಳಲ್ಲಿ ಬೇಸರ ತರಿಸುತ್ತದೋ ಎಂಬುದನ್ನು ನಿರ್ಧರಿಸುವುದು ಬೀರುವಿನಲ್ಲಿರುವ ಆ ಎರಡರ ಸ್ವಭಾವ. ಅದನ್ನೇ ಮೊದಲು ನೋಡೋಣ.

ಬೀರುವಿನಲ್ಲಿ ಇಟ್ಟಾಗ

ಕೀಲಿ ಕೊಡುವ ಗಡಿಯಾರದ್ದು ಸರಳ ಸ್ವಭಾವ. ಪೂರ್ತಿ ಕೀಲಿ ಕೊಟ್ಟರೆ ಸುಮಾರು ಒಂದೂವರೆ ದಿನ ಓಡುತ್ತದೆ, ಆಮೇಲೆ ನಿಲ್ಲುತ್ತದೆ. ನಿಂತಿದ್ದರಿಂದ ಅದಕ್ಕೆ ಹಾನಿಯಿಲ್ಲ, ಒಳಗೆ ಸೋರುವ ಸೆಲ್ ಇಲ್ಲ. ಆರು ತಿಂಗಳ ನಂತರ ತೆಗೆದು ಕೀಲಿ ಕೊಟ್ಟರೂ ಮುಳ್ಳು ಚಲಿಸತೊಡಗುತ್ತದೆ. ಕೆಲವು ವರ್ಷಕ್ಕೊಮ್ಮೆ ಬಿಚ್ಚಿಸಿ ಶುಚಿಮಾಡಿಸಿ ಎಣ್ಣೆ ಹಾಕಿಸಿದರೆ ಸಾಕು.

ಆಟೊಮ್ಯಾಟಿಕ್ ಗಡಿಯಾರವೂ ಯಂತ್ರವೇ, ಆದರೆ ಕೈಯ ಅಲುಗಾಟದಿಂದ ತಾನೇ ಕೀಲಿ ತುಂಬಿಕೊಳ್ಳುತ್ತದೆ. ಒಳಗೆ ಅರ್ಧಚಂದ್ರದ ಆಕಾರದ ಒಂದು ತೂಕ ತಿರುಗುತ್ತಿರುತ್ತದೆ. ಪಾರದರ್ಶಕ ಹಿಂಬದಿ ಇದ್ದರೆ ನೋಡುತ್ತ ಕೂರುವಷ್ಟು ಚೆಂದ. ಸಾಮಾನ್ಯವಾಗಿ ನಲವತ್ತು ಗಂಟೆಯ ಆಸುಪಾಸಿನಷ್ಟು ಕೀಲಿ ಹಿಡಿದಿಡುವ ಇದನ್ನು ಶುಕ್ರವಾರ ರಾತ್ರಿ ಬಿಚ್ಚಿಟ್ಟು ಶನಿವಾರ, ಭಾನುವಾರ ಬೇರೆಯದನ್ನು ಕಟ್ಟಿದರೆ ಸೋಮವಾರ ಬೆಳಗ್ಗೆ ನಿಂತಿರುತ್ತದೆ. ಬಸ್ಸಿಗೆ ಹೊತ್ತಾಗುತ್ತಿರುವಾಗ ಸಮಯ, ತಾರೀಖು, ವಾರ ಮೂರನ್ನೂ ಸರಿಪಡಿಸಬೇಕು. ಅದರಲ್ಲೂ ಮುಳ್ಳುಗಳು ರಾತ್ರಿ ಒಂಬತ್ತರಿಂದ ಬೆಳಗಿನ ಜಾವ ಮೂರರ ನಡುವೆ ಇರುವಾಗ ತಾರೀಖನ್ನು ತಿರುಗಿಸಬಾರದು. ಆ ಹೊತ್ತಿನಲ್ಲಿ ತಾರೀಖು ಬದಲಿಸುವ ಹಲ್ಲು ಚಕ್ರಕ್ಕೆ ಕಚ್ಚಿಕೊಂಡಿರುತ್ತದೆ, ಒತ್ತಾಯ ಮಾಡಿದರೆ ಮುರಿಯಬಹುದು. ನನ್ನ ಮಟ್ಟಿಗೆ ಆಟೊಮ್ಯಾಟಿಕ್ ಎಂಬುದು ಒಂದೇ ಗಡಿಯಾರವನ್ನು ದಿನವೂ ಕಟ್ಟುವವರ ಸ್ವತ್ತು. ಆದರೆ ಗಡಿಯಾರದ ಗೀಳು ಹತ್ತಿದವರು ಇದನ್ನೇ ಐದಾರು ಕೊಂಡು, ಆಮೇಲೆ ಅವುಗಳನ್ನು ತಿರುಗಿಸುತ್ತ ಇಡುವ ವಿದ್ಯುತ್ ಪೆಟ್ಟಿಗೆಯನ್ನೂ ಕೊಳ್ಳುತ್ತಾರೆ. ಅದು ಹವ್ಯಾಸ, ತಪ್ಪಲ್ಲ, ಅನುಕೂಲವಂತೂ ಅಲ್ಲ.

ಕ್ವಾರ್ಟ್ಜ್ ಗಡಿಯಾರದೊಳಗೆ ಸೆಕೆಂಡಿಗೆ 32,768 ಬಾರಿ ಕಂಪಿಸುವ ಪುಟ್ಟ ಹರಳಿದೆ. ಆ ಕಂಪನವನ್ನು ಹದಿನೈದು ಸಲ ಅರ್ಧ ಮಾಡಿದರೆ ಸೆಕೆಂಡಿಗೆ ಸರಿಯಾಗಿ ಒಂದು ಮಿಡಿತ ಸಿಗುತ್ತದೆ. 1969ರ ಡಿಸೆಂಬರಿನಲ್ಲಿ ಜಪಾನಿನ ಸೀಕೊ ಮೊದಲ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರಾಟಕ್ಕೆ ಇಟ್ಟ ಮೇಲೆ ಕೀಲಿ ಗಡಿಯಾರಗಳ ಕಾಲ ಇಳಿಯತೊಡಗಿತು. ತಿಂಗಳಿಗೆ ಹದಿನೈದು ಇಪ್ಪತ್ತು ಸೆಕೆಂಡಿನಷ್ಟು ಮಾತ್ರ ಹೆಚ್ಚುಕಡಿಮೆ. ಯಂತ್ರದ ಗಡಿಯಾರ ಒಂದೇ ದಿನದಲ್ಲಿ ಅಷ್ಟು ಹಿಂದೆ ಮುಂದೆ ಆದರೂ ಯಾರೂ ಅದನ್ನು ದೋಷ ಎನ್ನುವುದಿಲ್ಲ. ಕಟ್ಟಿದರೂ ಬಿಚ್ಚಿಟ್ಟರೂ ಕ್ವಾರ್ಟ್ಜ್ ಒಂದೇ ಸಮನೆ ಓಡುತ್ತದೆ, ಕೈಗೆತ್ತಿಕೊಂಡಾಗ ಸರಿಯಾದ ಸಮಯ ತೋರಿಸುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಸೆಲ್ ಹಾಕಿಸಬೇಕು. ಒಂದೇ ಎಚ್ಚರಿಕೆ: ಮುಗಿದ ಸೆಲ್ಲನ್ನು ಒಳಗೇ ಬಿಡಬೇಡಿ. ಅದು ಸೋರಿ ಯಂತ್ರವನ್ನೇ ತಿಂದುಹಾಕುತ್ತದೆ. ಕಪಾಟಿನ ಮೂಲೆಯಲ್ಲಿ ನಿಂತುಹೋಗಿರುವ ಹಳೆಯ ಕ್ವಾರ್ಟ್ಜ್ ಗಡಿಯಾರಗಳ ಸೆಲ್ಲನ್ನು ತೆಗೆಸಿಡಿ.

ಬೆಳಕಿನಿಂದ ಚಾರ್ಜ್ ಆಗುವವೂ ಕ್ವಾರ್ಟ್ಜ್ ಜಾತಿಯವೇ. ಸಿಟಿಜನ್ ಕಂಪನಿಯ ಎಕೊ ಡ್ರೈವ್ ಇವುಗಳಲ್ಲಿ ಹೆಸರಾದದ್ದು. ಪೂರ್ತಿ ಚಾರ್ಜ್ ಆದರೆ ಹಲವು ಮಾದರಿಗಳು ಕತ್ತಲಲ್ಲೂ ಸುಮಾರು ಆರು ತಿಂಗಳು ಓಡುತ್ತವೆ. ಆದರೆ ವೆಲ್ವೆಟ್ ಡಬ್ಬಿಯಲ್ಲಿ ಮುಚ್ಚಿಟ್ಟು ವರ್ಷಗಟ್ಟಲೆ ಮರೆತರೆ ಇದರ ಪ್ರಯೋಜನವೇ ಇಲ್ಲ. ಕಿಟಕಿಯ ಹತ್ತಿರದ ಮೇಜೇ ಇದರ ಜಾಗ.

ಸ್ಮಾರ್ಟ್‌ವಾಚು ಬೀರುವಿಗೆ ಸೇರಿದ ಕೆಲವೇ ದಿನಗಳಲ್ಲಿ ಕಪ್ಪು ಗಾಜಿನ ತುಂಡಾಗುತ್ತದೆ. ಆ್ಯಪಲ್ ಕಂಪನಿ ತನ್ನ ಸಾಮಾನ್ಯ ವಾಚಿಗೆ ಬಹಳ ವರ್ಷ ಹೇಳಿಕೊಂಡದ್ದು 18 ಗಂಟೆಗಳ ಬಾಳಿಕೆ. ಓಟಗಾರರಿಗೆಂದೇ ಮಾಡಿದವು ವಾರಗಟ್ಟಲೆ ಬಾಳುತ್ತವೆ ನಿಜ, ಆದರೂ ಚಾರ್ಜರ್ ಜೊತೆಗಿರಲೇಬೇಕು. ಬ್ಯಾಟರಿ ಪೂರ್ತಿ ಖಾಲಿಯಾಗಿ ತಿಂಗಳುಗಟ್ಟಲೆ ಬಿದ್ದಿದ್ದರೆ ಅದರ ಆಯಸ್ಸೂ ಕುಗ್ಗುತ್ತದೆ. ಹಬ್ಬಕ್ಕೊಮ್ಮೆ ಕಟ್ಟುವ ವಸ್ತು ಇದಲ್ಲ. ದಿನವೂ ಕಟ್ಟಿ, ಇಲ್ಲವೇ ಕೊಳ್ಳಬೇಡಿ.

ಕಚೇರಿಯ ದಿನ

ಕಚೇರಿಗೆ ತೆಳುವಾದ ಕ್ವಾರ್ಟ್ಜ್ ಸಾಕು. ಮೊಬೈಲಿನಲ್ಲೇ ಸಮಯ ಇದೆಯಲ್ಲ ಎನ್ನುವವರು ಒಂದು ಸಭೆಯಲ್ಲಿ ಮೊಬೈಲ್ ತೆಗೆದು ನೋಡಲಿ. ಎದುರಿಗಿರುವವರಿಗೆ ಅದು ಬೇಸರದ ಸೂಚನೆಯಾಗಿಯೇ ಕಾಣುತ್ತದೆ. ಕೈಗಡಿಯಾರದ ಕಡೆ ಕಣ್ಣು ಹಾಯಿಸಿದ್ದು ಅಷ್ಟಾಗಿ ಯಾರ ಗಮನಕ್ಕೂ ಬರುವುದಿಲ್ಲ. ಸ್ಮಾರ್ಟ್‌ವಾಚಿನದು ಇಲ್ಲಿ ಬೇರೆಯದೇ ತೊಂದರೆ: ಸಂದೇಶ ಬಂದಾಗಲೆಲ್ಲ ಅದು ಕೈಯನ್ನು ನಡುಗಿಸುತ್ತದೆ, ನೀವು ನೋಡುತ್ತೀರಿ, ನೋಡಿದ್ದನ್ನು ಎದುರಿನವರೂ ನೋಡುತ್ತಾರೆ.

ದಪ್ಪ ಮುಖ್ಯ. ತುಂಬುತೋಳಿನ ಅಂಗಿಯ ಗುಂಡಿ ಹಾಕಿದರೆ ಹತ್ತು ಮಿಲಿಮೀಟರಿಗಿಂತ ದಪ್ಪದ ಗಡಿಯಾರ ತೋಳಿನಂಚಿನಲ್ಲಿ ಸಿಕ್ಕಿಕೊಳ್ಳುತ್ತದೆ. ತೆಳುವಿನ ವಿಷಯದಲ್ಲಿ ನಮ್ಮ ನೆರೆಯ ಹೊಸೂರಿನಿಂದಲೇ ಒಂದು ಮೇಲುಸಾಧನೆ ಬಂದಿದೆ. 2002ರಲ್ಲಿ ಬಂದ ಟೈಟನ್ ಎಡ್ಜ್ ಒಟ್ಟು 3.5 ಮಿಲಿಮೀಟರ್ ದಪ್ಪದ್ದು, ಒಳಗಿನ ಯಂತ್ರ ಬರೀ 1.15 ಮಿಲಿಮೀಟರ್. ಕಟ್ಟಿದ್ದೇ ಮರೆತುಹೋಗುವಂಥದ್ದು. ಮಳೆಯಲ್ಲಿ ಬೈಕಿನ ಮೇಲೆ ಹೋಗುವಾಗಲೂ ಹೀಗೆಯೇ ಮರೆತಿರಿ ಎಂದರೆ ಮಾತ್ರ ಕಷ್ಟ.

ಅಗಲವನ್ನು ಜಾಹೀರಾತಿನ ಚಿತ್ರ ನೋಡಿ ನಿರ್ಧರಿಸಬೇಡಿ. ಡಯಲಿನ ಅಗಲಕ್ಕಿಂತಲೂ ಬೆಲ್ಟು ಸೇರುವ ಮೇಲಿನ ಕೊಂಬಿನಿಂದ ಕೆಳಗಿನ ಕೊಂಬಿನವರೆಗಿನ ಉದ್ದ ಮುಖ್ಯ. ಅದು ಮಣಿಕಟ್ಟಿನ ಚಪ್ಪಟೆ ಭಾಗವನ್ನು ದಾಟಿ ಹೊರಚಾಚಿದರೆ ಗಡಿಯಾರ ನಿಮ್ಮದಲ್ಲ ಎಂಬಂತೆ ಕಾಣುತ್ತದೆ. ನಮ್ಮಲ್ಲಿ ಹೆಚ್ಚಿನ ಗಂಡಸರ ಕೈಗೆ 36ರಿಂದ 40 ಮಿಲಿಮೀಟರ್ ಸರಿಹೊಂದುತ್ತದೆ. ಹಿಂದಿನ ಎಚ್ಎಂಟಿಗಳು ಇನ್ನೂ ಚಿಕ್ಕವು. ನಲವತ್ತನಾಲ್ಕರ ತಟ್ಟೆಗಳು ಬಂದ ಮೇಲೆ ಅವು ಹೆಂಗಸರ ಗಡಿಯಾರದಂತೆ ಕಾಣತೊಡಗಿದವು ಅಷ್ಟೆ. ಹೆಂಗಸರೂ ಮೂವತ್ತಾರರದನ್ನು ಧಾರಾಳವಾಗಿ ಕಟ್ಟಬಹುದು. ಅಂಗಡಿಯ ಗಾಜಿನ ಪೆಟ್ಟಿಗೆಗಳು ಹಾಕಿರುವ ಗೆರೆಗೆ ಕೈ ಬದ್ಧವಾಗಿರಬೇಕಿಲ್ಲ.

ಬೆಲ್ಟೋ ಚೈನೋ ಎಂಬುದನ್ನು ಊರು ಹೇಳಬೇಕು. ಬೆಂಗಳೂರು, ಮೈಸೂರುಗಳ ಹವೆಗೆ ಚರ್ಮದ ಬೆಲ್ಟು ವರ್ಷ ಎರಡು ವರ್ಷ ನಿರಾಯಾಸವಾಗಿ ಬಾಳುತ್ತದೆ. ಮಂಗಳೂರು, ಕಾರವಾರದ ಸೆಕೆಯಲ್ಲಿ ಅದೇ ಬೆಲ್ಟು ಬೆವರು ಕುಡಿದು ಬೇಗ ನಾರುತ್ತದೆ, ಒಳಬದಿ ಕಪ್ಪಾಗಿ ಬಿರಿಯುತ್ತದೆ. ಕರಾವಳಿಯವರಿಗೆ ಸ್ಟೀಲಿನ ಚೈನೇ ಮೇಲು. ವಾರಕ್ಕೊಮ್ಮೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೊಂಡಿಗಳ ಸಂದಿಯ ಕೊಳೆ ತೆಗೆದರಾಯಿತು. ಆದರೆ ಇಡೀ ದಿನ ಲ್ಯಾಪ್‌ಟಾಪಿನ ಮೇಲೆ ಕೈಯಿಡುವವರ ಚೈನಿನ ಕೊಕ್ಕೆ ಅದರ ಅಂಚನ್ನು ಗೀರುತ್ತಲೇ ಇರುತ್ತದೆ, ತಾನೂ ಗೀರಿಸಿಕೊಳ್ಳುತ್ತದೆ. ಒಂದೇ ಗಡಿಯಾರಕ್ಕೆ ಎರಡು ಬೆಲ್ಟು ಇಟ್ಟುಕೊಳ್ಳುವುದು ಎರಡನೆಯ ಗಡಿಯಾರ ಕೊಳ್ಳುವುದಕ್ಕಿಂತ ಅಗ್ಗದ ದಾರಿ. ಕೊಂಬುಗಳ ನಡುವಿನ ಅಂತರ 18 ಅಥವಾ 20 ಮಿಲಿಮೀಟರ್ ಇದ್ದರೆ ಬೆಲ್ಟು ಎಲ್ಲೆಡೆ ಸಿಗುತ್ತದೆ. ಕಂಪನಿಯ ಸ್ವಂತ ಆಕಾರದ ಬೆಲ್ಟು ಬೇಡುವಂಥದ್ದನ್ನು ದೂರವಿಡಿ.

ಕೀಲಿಯದ್ದನ್ನೋ ಆಟೊಮ್ಯಾಟಿಕನ್ನೋ ಕಚೇರಿಗೆ ಕಟ್ಟುವವರು ಆಯಸ್ಕಾಂತದ ಬಗ್ಗೆ ಎಚ್ಚರವಾಗಿರಬೇಕು. ಟ್ಯಾಬ್ಲೆಟ್ಟಿನ ಮುಚ್ಚಳ, ಚೀಲದ ಗುಂಡಿ, ಸ್ಪೀಕರ್, ಈಚಿನ ಮೊಬೈಲುಗಳ ಬೆನ್ನು, ಎಲ್ಲದರಲ್ಲೂ ಆಯಸ್ಕಾಂತವಿದೆ. ಇದ್ದಕ್ಕಿದ್ದಂತೆ ದಿನಕ್ಕೆ ಕೆಲವು ನಿಮಿಷ ಮುಂದೆ ಓಡತೊಡಗಿದರೆ ಮೊದಲ ಅನುಮಾನ ಅದರ ಮೇಲಿರಲಿ. ಒಳಗಿನ ಕೂದಲೆಳೆಯಂಥ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಆಯಸ್ಕಾಂತ ಗುಣ ತೆಗೆಯುವ ಪುಟ್ಟ ಸಾಧನ ಒಳ್ಳೆಯ ರಿಪೇರಿಯವರ ಬಳಿ ಇರುತ್ತದೆ, ನಿಮಿಷದ ಕೆಲಸ.

ನೀರು, ಮಳೆ, ಸ್ನಾನ

ಗಡಿಯಾರದ ಬೆನ್ನ ಮೇಲೆ 30 ಮೀಟರ್ ಎಂದು ಬರೆದಿದ್ದರೆ ಅದನ್ನು ಕಟ್ಟಿಕೊಂಡು ಮೂವತ್ತು ಮೀಟರ್ ಆಳಕ್ಕೆ ಇಳಿಯಬಹುದು ಎಂದಲ್ಲ. ಅದು ಪ್ರಯೋಗಾಲಯದಲ್ಲಿ, ಅಲುಗದೆ ನಿಂತ ನೀರಿನ ಒತ್ತಡದ ಲೆಕ್ಕ. ಬಳಕೆಯ ಲೆಕ್ಕ ಹೀಗಿದೆ: 30 ಮೀಟರಿನದ್ದು ಕೈ ತೊಳೆಯಲು, ತುಂತುರು ಮಳೆಗೆ. 50 ಮೀಟರಿನದ್ದು ಜೋರು ಮಳೆಗೆ, ಪಾತ್ರೆ ತೊಳೆಯಲು, ಹೆಚ್ಚೆಂದರೆ ಸ್ವಲ್ಪ ಹೊತ್ತಿನ ಈಜಿಗೆ. ನಿತ್ಯ ಈಜುವವರಿಗೆ 100 ಮೀಟರಿಗಿಂತ ಕಡಿಮೆ ಬೇಡ.

ಯಾವ ಅಂಕಿ ಬರೆದಿದ್ದರೂ ಬಿಸಿನೀರಿನ ಸ್ನಾನಕ್ಕೆ ಬಿಚ್ಚಿಡಿ. ಒಳಗೆ ನೀರು ಹೋಗದಂತೆ ತಡೆಯುವುದು ತೆಳುವಾದ ರಬ್ಬರಿನ ಉಂಗುರ. ಶಾಖ, ಸೋಪು, ಎಣ್ಣೆ ಮೂರೂ ಅದನ್ನು ಬೇಗ ಮುದಿಯಾಗಿಸುತ್ತವೆ. ಯುಗಾದಿಯ ಎಣ್ಣೆಸ್ನಾನದಲ್ಲಿ ಇವು ಮೂರೂ ಒಟ್ಟಿಗೆ ಇರುತ್ತವೆ! ಸೆಲ್ ಹಾಕಿಸುವಾಗ ಈ ಉಂಗುರವನ್ನೂ ನೋಡಲು ಹೇಳಿ. ಬೀದಿಬದಿಯಲ್ಲಿ ಬೆನ್ನು ತೆರೆದು ಸೆಲ್ ಹಾಕಿ ಅಂಗೈಯಿಂದ ಒತ್ತಿ ಮುಚ್ಚಿಕೊಟ್ಟ ಗಡಿಯಾರವನ್ನು ಆಮೇಲೆ ನೀರಿಗೆ ನಂಬಬೇಡಿ.

ಮಲೆನಾಡಿನ ಮಳೆಗಾಲಕ್ಕೆ, ದ್ವಿಚಕ್ರ ವಾಹನಕ್ಕೆ, ತೋಟದ ಕೆಲಸಕ್ಕೆ ಅಂಕಿಯ ಡಿಜಿಟಲ್ ಗಡಿಯಾರದಷ್ಟು ನಿಶ್ಚಿಂತೆಯದು ಬೇರೊಂದಿಲ್ಲ. ಕ್ಯಾಸಿಯೊ ಕಂಪನಿಯ ಎಫ್-91ಡಬ್ಲ್ಯು 1989ರಿಂದ ಹೆಚ್ಚುಕಡಿಮೆ ಅದೇ ರೂಪದಲ್ಲಿ ಬರುತ್ತಿದೆ. ಎರಡು ಸಾವಿರ ರೂಪಾಯಿಯೊಳಗೆ ಸಿಗುತ್ತದೆ, ಸೆಲ್ ಏಳು ವರ್ಷ ಬರುತ್ತದೆ ಎಂದು ಕಂಪನಿ ಹೇಳುತ್ತದೆ. ಅದರ ದೀಪ ಮಂಕು, ನೀರಿನ ತಡೆಯೂ ಸಾಧಾರಣ. ಪೆಟ್ಟು ಬೀಳುವ ಕೆಲಸವಾದರೆ ಅದೇ ಮನೆಯ ಜಿ-ಶಾಕ್ ಇದೆ. ಹತ್ತು ಮೀಟರ್ ಎತ್ತರದಿಂದ ಬಿದ್ದರೂ ಒಡೆಯಬಾರದು, ಹತ್ತು ಬಾರ್ (ಅಂದರೆ ನೂರು ಮೀಟರಿನ) ನೀರಿನ ಒತ್ತಡ ತಡೆಯಬೇಕು, ಬ್ಯಾಟರಿ ಹತ್ತು ವರ್ಷ ಬರಬೇಕು ಎಂಬ ಮೂರು ಹತ್ತುಗಳ ಗುರಿ ಇಟ್ಟುಕೊಂಡು ಕಿಕುವೊ ಇಬೆ ಎಂಬ ಎಂಜಿನಿಯರ್ ರೂಪಿಸಿದ ಗಡಿಯಾರ 1983ರಲ್ಲಿ ಹೊರಬಂತು. ದಪ್ಪ ಎಂಬುದೊಂದೇ ದೂರು. ಹೆಲ್ಮೆಟ್ಟು, ಜಾಕೆಟ್ಟು, ಕೈಗವಸು ತೊಡುವ ಬೈಕಿನವರಿಗೆ ತೋಳಿನಡಿ ಅದು ಒತ್ತುತ್ತದೆ. ಅವರಿಗೆ ಮೊದಲು ಹೇಳಿದ ಅಗ್ಗದ್ದೇ ಹಿತ.

ನಡಿಗೆ, ಓಟ, ವ್ಯಾಯಾಮ

ಕಬ್ಬನ್ ಪಾರ್ಕಿನಲ್ಲೋ ಕುಕ್ಕರಹಳ್ಳಿ ಕೆರೆ ಏರಿಯ ಮೇಲೋ ಬೆಳಗ್ಗೆ ನಡೆಯುವವರಲ್ಲಿ ಬಹಳ ಮಂದಿಗೆ ಬೇಕಿರುವುದು ಹೊರಟ ಸಮಯ ಮತ್ತು ಮುಗಿದ ಸಮಯ. ಅದಕ್ಕೆ ಸ್ಮಾರ್ಟ್‌ವಾಚ್ ಬೇಕಿಲ್ಲ. ಓಟವನ್ನು ಗಂಭೀರವಾಗಿ ತೆಗೆದುಕೊಂಡವರ ವಿಷಯ ಬೇರೆ. ದೂರ, ವೇಗ, ಎದೆಬಡಿತ ಮೂರೂ ಕೈಯಲ್ಲೇ ಕಾಣುವುದು ಅವರಿಗೆ ನಿಜವಾದ ಉಪಯೋಗ. ಕೊಳ್ಳುವಾಗ ಉಪಗ್ರಹದ ಮೂಲಕ ದೂರ ಅಳೆಯುವ ಜಿಪಿಎಸ್ ವಾಚಿನಲ್ಲೇ ಇದೆಯೋ ಜೇಬಿನ ಮೊಬೈಲಿನಿಂದ ಎರವಲು ಪಡೆಯುತ್ತದೆಯೋ ಎಂದು ಕೇಳಿ. ಅಗ್ಗದ ಹಲವು ವಾಚುಗಳು ಎರಡನೆಯ ಬಗೆಯವು, ಮೊಬೈಲ್ ಮನೆಯಲ್ಲಿ ಬಿಟ್ಟು ಹೊರಟರೆ ಅವುಗಳ ಕಿಲೋಮೀಟರು ಅಂದಾಜಿನದ್ದು.

ಎದೆಬಡಿತ ಅಳೆಯುವುದು ವಾಚಿನ ಬೆನ್ನಿನ ಹಸಿರು ದೀಪ. ಚರ್ಮದ ಕೆಳಗೆ ರಕ್ತ ಹರಿದಂತೆ ಬೆಳಕು ಹೀರಿಕೊಳ್ಳುವ ಪ್ರಮಾಣ ಏರಿಳಿಯುತ್ತದೆ, ಅದನ್ನೇ ಅದು ಎಣಿಸುವುದು. ಬಳೆಯ ಹಾಗೆ ಸಡಿಲವಾಗಿ ಕಟ್ಟಿದರೆ ಹೊರಗಿನ ಬೆಳಕು ನುಗ್ಗಿ ಲೆಕ್ಕ ತಪ್ಪುತ್ತದೆ. ಮಣಿಕಟ್ಟಿನ ಮೂಳೆಗಿಂತ ಒಂದು ಬೆರಳು ಮೇಲೆ, ಬಿಗಿಯಾಗಿ ಕಟ್ಟಬೇಕು. ಭಾರ ಎತ್ತುವಾಗ ಮಣಿಕಟ್ಟು ಮಡಿಚುವುದರಿಂದ ಅಲ್ಲಿಯೂ ಅಂಕಿ ಅಷ್ಟಾಗಿ ನಂಬುವಂತಿಲ್ಲ.

ನಿದ್ದೆ ಅಳೆಯಲೆಂದು ರಾತ್ರಿಯೂ ಕಟ್ಟುವವರಿಗೆ ಚಾರ್ಜ್ ಮಾಡುವ ಹೊತ್ತು ಹಗಲಿನಲ್ಲೇ ಸಿಗಬೇಕು. ಅವರು ಬೇರೆ ಗಡಿಯಾರಗಳ ಮಾತನ್ನೇ ಬಿಡುವುದು ಒಳ್ಳೆಯದು. ಹಗಲೂ ರಾತ್ರಿ ಒಂದನ್ನೇ ಬೇಡುವ ಈ ವಾಚು ಇನ್ನೊಂದಕ್ಕೆ ಜಾಗ ಬಿಡುವುದಿಲ್ಲ.

ಮದುವೆ, ಹಬ್ಬ

ಕೀಲಿ ಗಡಿಯಾರಕ್ಕೆ ನಿಜವಾದ ಜಾಗ ಇಲ್ಲಿ. ವರ್ಷದಲ್ಲಿ ಕೆಲವೇ ಸಲ ಹೊರಬರುತ್ತದೆ, ಆ ಬೆಳಗ್ಗೆ ಕೀಲಿ ಕೊಟ್ಟರೆ ಮರುದಿನದ ಬೀಗರ ಔತಣದವರೆಗೆ ಓಡುತ್ತದೆ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಚ್ಎಂಟಿ ಗಡಿಯಾರ ಕಾರ್ಖಾನೆಯಿಂದ ಬಂದ ಒಂದು ಜನತಾ, ಒಂದು ಕೊಹಿನೂರ್ ಅಥವಾ ಒಂದು ಪೈಲಟ್ ಎಷ್ಟೋ ಮನೆಗಳಲ್ಲಿ ಇನ್ನೂ ಇದೆ. ಆ ಕಾಲದಲ್ಲಿ ಅಳಿಯನಿಗೆ ಕೊಡುವ ಉಡುಗೊರೆ ಅದು. ಪಂಚೆ ಶಲ್ಯಕ್ಕೆ ಕಪ್ಪು ಬೆಲ್ಟಿನ ಚಿಕ್ಕ ಬಿಳಿ ಡಯಲ್ ಒಪ್ಪುವಷ್ಟು ಬೇರೇನೂ ಒಪ್ಪುವುದಿಲ್ಲ ಎಂಬುದು ನನ್ನ ಪಕ್ಷಪಾತ. ಆ ಉಡುಗೆಯ ಮೇಲೆ ರಬ್ಬರ್ ಬೆಲ್ಟಿನ ಸ್ಮಾರ್ಟ್‌ವಾಚ್ ನೋಡಿದಾಗ ಫೋಟೊ ತೆಗೆಯುವವರಾದರೂ ಹೇಳಬಾರದಿತ್ತೇ ಅನಿಸುತ್ತದೆ. ಎಚ್ಎಂಟಿಯ ಹಳೆಯ ಪ್ಲಾಸ್ಟಿಕ್ ಗಾಜು ಸುಲಭವಾಗಿ ಗೀರುತ್ತದೆ, ಉಜ್ಜಿದರೆ ಅಷ್ಟೇ ಸುಲಭವಾಗಿ ಮತ್ತೆ ಹೊಳೆಯುತ್ತದೆ. ಈಗಿನ ದುಬಾರಿ ಗಡಿಯಾರಗಳ ನೀಲಮಣಿ ಗಾಜು ಗೀರುವುದಿಲ್ಲ, ಆದರೆ ಜೋರಾದ ಪೆಟ್ಟಿಗೆ ಒಡೆಯುತ್ತದೆ.

ಒಂದು ವಿನಾಯಿತಿ ಇದೆ. ಮುಹೂರ್ತದ ಹೊತ್ತು ನೋಡುವ ಹೊಣೆ ನಿಮ್ಮದಾಗಿದ್ದರೆ ಕ್ವಾರ್ಟ್ಜನ್ನೇ ಕಟ್ಟಿ.

ಹೆಂಗಸರಿಗೆ ಪ್ರಶ್ನೆ ಬಳೆಯದ್ದು. ಗಾಜಿನ ಬಳೆ ಸ್ಟೀಲಿನ ಅಂಚಿಗೆ ತಾಗಿ ಒಡೆಯುತ್ತದೆ, ಚಿನ್ನದ ಬಳೆಯೂ ಗಟ್ಟಿ ಸ್ಟೀಲಿಗೆ ಸೋತು ಸವೆಯುತ್ತದೆ. ಎರಡನ್ನೂ ಒಂದೇ ಕೈಗೆ ಹಾಕುವುದಾದರೆ ಬಳೆಯಂತೆಯೇ ಇರುವ, ಅಂಚು ನುಣುಪಾದ ಗಡಿಯಾರ ಆರಿಸಿ. ಇಲ್ಲವೇ ಬಳೆಗಳನ್ನೆಲ್ಲ ಬಲಗೈಗೆ ಕೊಟ್ಟುಬಿಡಿ. ವಧುವಿಗಂತೂ ಎಡಗೈಗೆ ಕಂಕಣ ಬರುವುದರಿಂದ ಅಂದು ಗಡಿಯಾರದ ಮಾತೇ ಇಲ್ಲ, ಆರತಕ್ಷತೆಗೆ ನೋಡಿಕೊಳ್ಳಬಹುದು.

ಕೆಲಸವೇ ನಿರ್ಧರಿಸುವ ಕಡೆ

ಲೇತ್, ಡ್ರಿಲ್, ಬೆಲ್ಟು ತಿರುಗುವ ಯಂತ್ರಗಳ ಹತ್ತಿರ ಯಾವ ಗಡಿಯಾರವೂ ಬೇಡ. ವಾಹನದ ಬ್ಯಾಟರಿ ಬಿಚ್ಚುವವರು, ವಿದ್ಯುತ್ ಕೆಲಸದವರು ಲೋಹದ ಚೈನು ಕಟ್ಟಲೇಬಾರದು. ಬ್ಯಾಟರಿಯ ಎರಡು ತುದಿಗಳ ನಡುವೆ ಪಾನಾದ ಜೊತೆ ಚೈನು ಸೇರಿದರೆ ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ. ನಾಡಿ ಎಣಿಸುವ ದಾದಿಯರಿಗೆ ಸ್ಪಷ್ಟವಾದ ಸೆಕೆಂಡಿನ ಮುಳ್ಳು ಬೇಕು, ಸೋಂಕಿನ ಕಾರಣಕ್ಕೆ ಕೈ ಬರಿದಾಗಿರಬೇಕು. ಎದೆಗೆ ಸಿಕ್ಕಿಸಿಕೊಳ್ಳುವ, ತಲೆಕೆಳಗಾದ ಡಯಲಿನ ಗಡಿಯಾರ ಬಂದಿದ್ದೇ ಹೀಗೆ. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳನ್ನು ಮುಟ್ಟುವವರ ಮೊಣಕೈ ಕೆಳಗೆ ಗಡಿಯಾರ ಇರಬಾರದೆಂಬುದು ನಿಯಮವೇ ಆಗಿದೆ. ಅಲ್ಲಿಗೆ ಕೆಲಸಕ್ಕೆ ಹೊರಟಿರುವ ನಮ್ಮವರು ಕೈಗಡಿಯಾರಕ್ಕೆ ಹಣ ಹಾಕುವ ಮೊದಲು ಇದನ್ನು ನೆನಪಿಡಲಿ.

ಪಾಠ ಮಾಡುವವರಿಗೆ ದೊಡ್ಡ ಅಂಕಿಗಳ, ಬಿಳಿ ಡಯಲಿನ ಗಡಿಯಾರ ಹಿತ. ಹಿಂದಿನ ಅನೇಕ ಶಿಕ್ಷಕಿಯರು ಡಯಲ್ ಮಣಿಕಟ್ಟಿನ ಒಳಬದಿಗೆ ಬರುವಂತೆ ಕಟ್ಟುತ್ತಿದ್ದರು. ಪುಸ್ತಕ ಹಿಡಿದ ಕೈ ತಿರುಗಿಸದೆಯೇ ಹೊತ್ತು ಕಾಣುತ್ತಿತ್ತು, ಗಾಜೂ ಗೋಡೆಗೆ ಉಜ್ಜುತ್ತಿರಲಿಲ್ಲ. ಈಗಲೂ ಇದು ಒಳ್ಳೆಯ ಉಪಾಯವೇ.

ಪರೀಕ್ಷೆಗೆ ಹೋಗುವವರು ಆಯಾ ಪರೀಕ್ಷೆಯ ಸೂಚನೆ ಓದಲಿ. ನೀಟ್ ಮತ್ತು ನಮ್ಮ ಸಿಇಟಿಯಲ್ಲಿ ಕೈಗಡಿಯಾರಕ್ಕೇ ಪ್ರವೇಶವಿಲ್ಲ. ಯುಪಿಎಸ್‌ಸಿ ಪರೀಕ್ಷೆಗಳಲ್ಲಿ ಸಾದಾ ಗಡಿಯಾರಕ್ಕೆ ಅವಕಾಶವಿದೆ, ಸ್ಮಾರ್ಟ್‌ವಾಚಿಗಿಲ್ಲ. ಅಭ್ಯಾಸಕ್ಕೆ ಮನೆಯಲ್ಲಿ ಬರೆಯುವ ಮಾದರಿ ಪರೀಕ್ಷೆಯಲ್ಲೂ ಅದೇ ನಿಯಮ ಪಾಲಿಸಿದರೆ ಕೈ ಬರಿದಾಗಿದ್ದಾಗ ಗಾಬರಿಯಾಗುವುದಿಲ್ಲ.

ಯಾವುದನ್ನು ಮೊದಲು

ಐದು ಸಾವಿರದೊಳಗೆ ಇಡೀ ವ್ಯವಸ್ಥೆ ಆಗಬೇಕೆಂದರೆ ಮುಳ್ಳಿನ ಒಂದು ಸಾದಾ ಕ್ವಾರ್ಟ್ಜ್, ಅಂಕಿಯ ಒಂದು ಡಿಜಿಟಲ್. ಕಚೇರಿ, ಹಬ್ಬ ಮೊದಲನೆಯದಕ್ಕೆ. ಮಳೆ, ಪ್ರಯಾಣ, ಮನೆಗೆಲಸ ಎರಡನೆಯದಕ್ಕೆ. ಇನ್ನಷ್ಟು ಹಣವಿದ್ದರೆ ಮೊದಲನೆಯದನ್ನು ಬೆಳಕಿನಿಂದ ಚಾರ್ಜ್ ಆಗುವ, ನೂರು ಮೀಟರಿನ ಸ್ಟೀಲ್ ಗಡಿಯಾರಕ್ಕೆ ಏರಿಸಿ. ಮೂರನೆಯದನ್ನು ಕೊಳ್ಳುವ ಆಸೆ ಹುಟ್ಟಿದಾಗ ಕೀಲಿಯದ್ದಕ್ಕೆ ಬನ್ನಿ.

ಮನೆಯಲ್ಲಿ ಅಜ್ಜನದೋ ಮಾವನದೋ ಎಚ್ಎಂಟಿ ಇದ್ದರೆ ಕೊಳ್ಳುವ ಮಾತೇ ಇಲ್ಲ, ಶುಚಿಮಾಡಿಸಿ ಕಟ್ಟಿ. ಹಾಗಿಲ್ಲದೆ ಅಂತರ್ಜಾಲದಲ್ಲಿ ಹಳೆಯದನ್ನು ಹುಡುಕುವವರು ಡಯಲನ್ನು ಕಣ್ಣಿಟ್ಟು ನೋಡಬೇಕು. 2016ರಲ್ಲಿ ಎಚ್ಎಂಟಿ ಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿದ ಮೇಲೆ ಬೇಡಿಕೆ ಏರಿತು, ಅದರ ಬೆನ್ನಿಗೇ ಹಳೆಯ ಯಂತ್ರಕ್ಕೆ ಹೊಸ ಬಣ್ಣದ ಡಯಲ್ ಹಾಕಿ ಮಾರುವ ದಂಧೆಯೂ ಬೆಳೆಯಿತು. ಅಚ್ಚ ಹಳದಿ, ಗಿಳಿಹಸಿರು, ಕಿತ್ತಳೆ ಬಣ್ಣದ ಡಯಲ್ ಮೇಲೆ ದಪ್ಪ ಅಕ್ಷರದ ಹೆಸರು ಕಂಡರೆ ಅದು ಕಾರ್ಖಾನೆಯಿಂದ ಹಾಗೆ ಬಂದದ್ದು ಎಂದು ನಂಬಬೇಡಿ. ಅಕ್ಷರಗಳ ಅಂಚು ಹರಡಿದೆಯೇ, ನಿಮಿಷದ ಗೆರೆಗಳು ಸಮ ಅಂತರದಲ್ಲಿವೆಯೇ ಎಂದು ಚಿತ್ರ ಹಿಗ್ಗಿಸಿ ನೋಡಿ. ಬೆನ್ನು ತೆರೆದು ಯಂತ್ರದ ಚಿತ್ರ ಕಳಿಸಲು ಕೇಳಿ. ಕಳಿಸಲು ಸಬೂಬು ಹೇಳುವವರ ಬಳಿ ಬೆಲೆ ಎಷ್ಟೇ ಇಳಿದರೂ ವ್ಯವಹಾರ ಮುಂದುವರಿಸಬೇಡಿ.